ಇನ್ನೂರರ ಮೇಲೆ ಬಿದ್ದ ಮಳೆ

ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಸಾಗರದ ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು. ಬದುಕಿದ್ದಾಗ ಅದೇ ಕಚೇರಿಯಲ್ಲಿ ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಇದ್ದವರಲ್ಲ ಅವರು. ಮೌನ ಮುಗಿದ ಮೇಲೆ ಒಬ್ಬೊಬ್ಬರೇ ಮಾತಾಡಿದರು. ಶಾಂತ ಸ್ವಭಾವದವರು ಎಂದರು ಒಬ್ಬರು. ಅಜಾತಶತ್ರು ಎಂದರು ಮತ್ತೊಬ್ಬರು. ಅವರ ಕೆಲಸದಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ ಎಂದು ನಮ್ಮ ಹೆಡ್ ಕ್ಲರ್ಕ್ ಕಣ್ಣೊರೆಸಿಕೊಂಡರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಒಳ್ಳೆಯದನ್ನು ಆಡು ಎಂದಳೇ ಹೊರತು ಇಲ್ಲದ್ದನ್ನು ಆಡು ಎನ್ನಲಿಲ್ಲ. ಆ ಮನುಷ್ಯ ಶಾಂತ ಸ್ವಭಾವದವರೂ ಅಲ್ಲ, ಅಜಾತಶತ್ರುವೂ ಅಲ್ಲ. ಮಾತಾಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಶತ್ರುಗಳೇ ಆಗಿದ್ದರು. ಇನ್ನು ತಪ್ಪು. ತಪ್ಪು ಮಾಡಿದ್ದರು, ದೊಡ್ಡದನ್ನೇ ಮಾಡಿದ್ದರು. ಅದನ್ನು ಅಳಿಸಿಹಾಕಿ ಅವರನ್ನು ಹೊಗಳುವುದೆಂದರೆ ಅವರು ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸವನ್ನೂ ಅಳಿಸಿದ ಹಾಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಅದರ ಹಿಂದೆ ಮುಂದೆ ಮತ್ತೆ ನಾಲ್ಕು ಜನ ಬಿರುದು ಸೇರಿಸುತ್ತಾರೆ.

ನಮ್ಮದು ಮಳೆ ಮತ್ತು ಹೊಳೆಯ ನೀರು ಅಳೆಯುವ ಕಚೇರಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಅಲ್ಲಲ್ಲಿ ಮಳೆ ಹಿಡಿಯುವ ಡಬ್ಬಿ ನೆಟ್ಟಿದ್ದರು. ಡಬ್ಬಿಗೆ ಒಬ್ಬೊಬ್ಬ ರೀಡರ್, ಅವರ ಹತ್ತಿರ ಒಂದೊಂದು ವೈರ್‌ಲೆಸ್ ಸೆಟ್. ಬೆಳಿಗ್ಗೆ ಎಂಟೂವರೆಗೆ ರೀಡರ್ ಡಬ್ಬಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ನಿನ್ನೆಯಿಂದ ಎಷ್ಟು ಮಿಲಿಮೀಟರ್ ಬಿತ್ತೆಂದು ನೋಡಿ ಹೇಳಬೇಕು. ಕೇಳಿಸಿಕೊಂಡು ಬರೆದುಕೊಳ್ಳುವ ಆಪರೇಟರ್ ನಾನು. ಎಪ್ಪತ್ತರ ದಶಕದಲ್ಲಿ ನಾನು ಬರೆದುಕೊಂಡದ್ದೆಲ್ಲ ಬೆಂಗಳೂರಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಒಂದು ಮನೆಯಷ್ಟು ದೊಡ್ಡ ಕಂಪ್ಯೂಟರಿಗೆ ಉಣಿಸುತ್ತಿದ್ದರಂತೆ. ಉಂಡದ್ದನ್ನು ಅದು ಹೇಗೆ ಅರಗಿಸಿಕೊಳ್ಳಬೇಕು ಎಂದು ಪ್ರೋಗ್ರಾಮ್ ಬರೆದವರು ಇವರು, ನಾನು ಹೆಸರು ಹಾಕದ ಈ ಮನುಷ್ಯ. ಎಂಬತ್ತರ ದಶಕದ ನಡುವಿನಲ್ಲಿ ಸಾಗರಕ್ಕೇ ಒಂದು ಸಣ್ಣ ಕಂಪ್ಯೂಟರ್ ಬಂತು. ಜೀಪಿನ ಹಿಂದಿನ ಸೀಟಿನಲ್ಲಿ ಅದನ್ನು ಬಾಣಂತಿ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಇವರೂ ಬಂದಿಳಿದರು. ಚಳ್ಳಕೆರೆ ಕಡೆಯವರು, ಐವತ್ತು ದಾಟಿದವರು, ಕಡ್ಡಿಯಂಥ ಮೈ. ಮೂಗಿನ ತುದಿಯಲ್ಲಿ ಸಿಟ್ಟು ಅನ್ನುತ್ತಾರಲ್ಲ, ಇವರಿಗೆ ಮೂಗು ಬೆಳೆದದ್ದೇ ಸಿಟ್ಟಿಗೆ ಕೂರಲು ಒಂದು ಜಾಗ ಬೇಕೆಂದು.

ಕಂಪ್ಯೂಟರಿನ ಕೋಣೆಗೆ ತಂಪು ಮಾಡುವ ಯಂತ್ರ ಹಾಕಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂದು ಮೇಲಿನವರ ಅಪ್ಪಣೆ. ನಮ್ಮವರು ಚಪ್ಪಲಿ ಬಿಟ್ಟ ಮೇಲೆ ಹೊಸಿಲಲ್ಲಿ ನಿಂತು ಕೈಯನ್ನೂ ಮುಗಿಯತೊಡಗಿದರು.

"ಧೂಳಿಗೆ ಕಣ್ರೀ ಚಪ್ಪಲಿ ಬಿಡಿಸೋದು, ದೇವರಿಗಲ್ಲ," ಎಂದು ಅವರು ಒಳಗಿನಿಂದಲೇ ಗದರುತ್ತಿದ್ದರು. "ಇದಕ್ಕೆ ಕೈ ಮುಗಿದ್ರೆ ನಾಳೆ ಇದು ಹೇಳಿದ್ದನ್ನೆಲ್ಲ ನಂಬ್ತೀರಿ."

ಆಯುಧಪೂಜೆಯ ದಿನ ಹೆಡ್ ಕ್ಲರ್ಕ್ ಕುಂಕುಮದ ಬಟ್ಟಲು ಹಿಡಿದು ಒಳಗೆ ನುಗ್ಗಿದರು. ಇವರು ಎರಡೂ ಕೈ ಅಗಲಿಸಿ ಯಂತ್ರಕ್ಕೆ ಅಡ್ಡ ನಿಂತರು. "ಜೀಪಿಗೆ ಹಚ್ಚಿ, ಟೈಪ್‌ರೈಟರಿಗೆ ಹಚ್ಚಿ, ಬೇಕಾದ್ರೆ ನನ್ನ ಹಣೆಗೆ ಹಚ್ಚಿ. ಇದರ ಬಾಯೊಳಗೆ ಆ ಪುಡಿ ಹೋದ್ರೆ ನಾಳೆಯಿಂದ ಹೊಸನಗರದಲ್ಲಿ ಕೆಂಪು ಮಳೆ ಬೀಳುತ್ತೆ." ಹೆಡ್ ಕ್ಲರ್ಕ್ ಅವಮಾನ ತಡೆಯಲಾರದೆ ನಿಜವಾಗಿಯೂ ಅವರ ಹಣೆಗೇ ಬಳಿದುಬಿಟ್ಟರು. ಅಂಗೈಯಗಲದ ಆ ಕುಂಕುಮವನ್ನು ಅವರು ಸಂಜೆಯವರೆಗೆ ಒರೆಸಲಿಲ್ಲ. ಹಾಗೇ ಪೇಟೆಗೂ ಹೋಗಿಬಂದರು.

ನಮ್ಮ ಸಾಹೇಬರು, ಎಂದರೆ ಕಚೇರಿಯ ಮುಖ್ಯ ಇಂಜಿನಿಯರು, ಮಗಳ ಜಾತಕವನ್ನು ಕಂಪ್ಯೂಟರಿನಲ್ಲಿ ಕೂಡಿಸಿ ನೋಡಬಹುದೇ ಎಂದು ಒಮ್ಮೆ ಕೇಳಿದರು. ಇವರು ಮುಖ ಮೇಲೆತ್ತದೆ, "ಕೂಡುತ್ತೆ ಅನ್ಬೇಕೋ ಕೂಡಲ್ಲ ಅನ್ಬೇಕೋ ಮೊದ್ಲೇ ಹೇಳಿಬಿಡಿ ಸಾರ್. ಅದನ್ನೇ ಪ್ರಿಂಟ್ ಮಾಡಿಸ್ತೀನಿ. ಜೋಯಿಸರಿಗಿಂತ ಬೇಗ ಆಗುತ್ತೆ," ಎಂದರು. ಸಾಹೇಬರು ಆ ದಿನದಿಂದ ಅವರನ್ನು ಕಂಡರೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಅವರ ಸಿಟ್ಟಿಗೆ ಕಚೇರಿ ಸಾಲುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ನಾವು ತಿಂಡಿಗೆ ಹೋಗುತ್ತಿದ್ದ ಹೋಟೆಲಿನಲ್ಲಿ ಸಪ್ಲೈಯರ್ ಒಬ್ಬನಿದ್ದ. ಕೂತ ಕೂಡಲೇ ಇಡ್ಲಿ ವಡೆ ದೋಸೆ ಪೂರಿ ಉಪ್ಪಿಟ್ಟು ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ.

"ದೋಸೆ ಕೊಡಪ್ಪ."

"ದೋಸೆ ಖಾಲಿ."

"ಪೂರಿ?"

"ಖಾಲಿ."

"ಮತ್ತೆ ಏನಿದೆ?"

"ಅವಲಕ್ಕಿ ಇದೆ."

"ಅವಲಕ್ಕಿ ಅಂತ ನೀನು ಹೇಳಲೇ ಇಲ್ವಲ್ಲಯ್ಯ."

"ನೀವು ಕೇಳ್ಲಿಲ್ವಲ್ಲ."

ಅವರು ನನ್ನ ಕಡೆ ತಿರುಗಿ, "ಇವನಿಗೆ ಪ್ರೋಗ್ರಾಮ್ ಬರೆದವನೂ ನನ್ನಂಥವನೇ ಇರ್ಬೇಕು. ಹೇಳಿದ್ದು ಇರಲ್ಲ, ಇದ್ದದ್ದನ್ನು ಹೇಳಲ್ಲ. ಆದ್ರೂ ಎಲ್ಲೂ ತಡವರಿಸಲ್ಲ ನೋಡಿ," ಎಂದು ಹಲ್ಲು ಕಡಿದರು. ಅವಲಕ್ಕಿ ತಿಂದರು. ಚೆನ್ನಾಗಿದೆ ಎಂದು ಅದಕ್ಕೂ ಸಿಟ್ಟು ಮಾಡಿಕೊಂಡರು.

ಇಂಥ ಮನುಷ್ಯನ ಜೊತೆ ನನಗೆ ಹೇಗೆ ಹೊಂದಿತೋ ಗೊತ್ತಿಲ್ಲ. ಬಹುಶಃ ಅವರು ಬೈಯುವುದನ್ನು ಕೇಳುವುದು ನನಗೆ ಇಷ್ಟವಾಗಿತ್ತು. ನಾನು ಬಾಯಲ್ಲಿಟ್ಟುಕೊಂಡು ನುಂಗಿದ್ದನ್ನೆಲ್ಲ ಅವರು ಆಡುತ್ತಿದ್ದರು. ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು: "ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ ಕಣ್ರೀ. ಅದಕ್ಕೇ ಸುಳ್ಳು ಹೇಳೋರೆಲ್ಲ ಅದರ ಹಿಂದೆ ಹೋಗಿ ನಿಂತ್ಕೋತಾರೆ."

ಮೇಗರವಳ್ಳಿಯ ಡಬ್ಬಿ ನೋಡಿಕೊಳ್ಳುತ್ತಿದ್ದವಳು ದೇವಕಮ್ಮ. ಮೊದಲು ಅವಳ ಗಂಡ ರೀಡರ್ ಆಗಿದ್ದ. ಅವನು ತೀರಿಕೊಂಡ ಮೇಲೆ ಅವಳಿಗೇ ದಿನಗೂಲಿಯ ಮೇಲೆ ಕೆಲಸ ಕೊಟ್ಟರು. ಖಾಯಂ ಮಾಡುತ್ತೇವೆ ಎಂದು ಪ್ರತಿ ಬೇಸಿಗೆಯಲ್ಲಿ ಹೇಳುತ್ತಿದ್ದರು, ಮಳೆಗಾಲ ಬಂದಾಗ ಮರೆಯುತ್ತಿದ್ದರು. ವೈರ್‌ಲೆಸ್ಸಿನಲ್ಲಿ ಮಾತು ಮುಗಿದರೆ 'ಓವರ್' ಎನ್ನಬೇಕೆಂದು ನಾನು ಎಷ್ಟು ಸಲ ಹೇಳಿಕೊಟ್ಟರೂ ಅವಳು ಅನ್ನಲಿಲ್ಲ. "ಆಯ್ತು ತಮ್ಮಾ, ಒಲೆ ಮೇಲೆ ಹಾಲಿಟ್ಟು ಬಂದೀನಿ," ಎನ್ನುತ್ತಿದ್ದಳು. ಆಗುಂಬೆಯ ಮಗ್ಗುಲಿನ ಊರು ಅದು. ಆಷಾಢದಲ್ಲಿ ಡಬ್ಬಿ ಬೆಳಗಿನವರೆಗೆ ಕಾಯುವುದಿಲ್ಲ, ನಡುವೆಯೇ ತುಂಬಿಬಿಡುತ್ತದೆ. ಹಾಗೆ ತುಂಬುವ ಮೊದಲು ಕಂಬಳಿಕೊಪ್ಪೆ ಹೊದ್ದು ಹೊರಗೆ ಹೋಗಿ, ಅಳೆದು, ಚೆಲ್ಲಿ, ಮತ್ತೆ ಇಟ್ಟು, ಬೆಳಿಗ್ಗೆ ಎಲ್ಲ ಕೂಡಿಸಿ ಹೇಳಬೇಕು. ಅವಳು ಹೇಳುತ್ತಿದ್ದಳು.

ಅದೇ ಅವಳಿಗೆ ಮುಳುವಾಯಿತು. ದೊಡ್ಡ ಮಳೆಯ ದಿನ ಅವಳ ಅಂಕಿ ಇನ್ನೂರು ಮಿಲಿಮೀಟರ್ ದಾಟುತ್ತಿತ್ತು. ದಾಟಿದ ದಿನವೆಲ್ಲ ಕಂಪ್ಯೂಟರ್ ಅದನ್ನು ಎತ್ತಿ ಆಚೆ ಹಾಕಿ, ಎದುರಿಗೆ 'ರಿಜೆಕ್ಟ್' ಎಂದು ಅಚ್ಚು ಹಾಕುತ್ತಿತ್ತು. ಬೆಂಗಳೂರಿನ ಕಾಲದಿಂದಲೂ ಹೀಗೆಯೇ. ಹೊಸನಗರ ತಾಲ್ಲೂಕಿನ ಘಾಟಿಯ ಅಂಚಿನಲ್ಲಿ ತಿಮ್ಮಪ್ಪ ಎಂಬ ಇನ್ನೊಬ್ಬ ರೀಡರ್ ಇದ್ದ. ಅಲ್ಲಿಯೂ ಆಕಾಶವೇ ಕಳಚಿ ಬೀಳುವ ಮಳೆ. ಅವನ ಅಂಕಿಯೂ ಮೊದಲ ವರ್ಷ ರಿಜೆಕ್ಟ್ ಆಗಿ, ಮೆಮೋ ಬಂದು, ಒಂದು ತಿಂಗಳ ಸಂಬಳ ನಿಂತಿತ್ತು. ಆಮೇಲೆ ಅವನದು ಒಂದು ಸಲವೂ ರಿಜೆಕ್ಟ್ ಆಗಲಿಲ್ಲ. ಎಂಥ ಮಳೆಗೂ ನೂರ ತೊಂಬತ್ತೇಳು, ನೂರ ತೊಂಬತ್ತೆಂಟು. ಅವನಿಗೆ ಮಾದರಿ ರೀಡರ್ ಎಂದು ಹೆಸರಾಯಿತು. ತಿಮ್ಮಪ್ಪನಂಥವರ ಚೊಕ್ಕ ಅಂಕಿಗಳಿಂದ ನಮ್ಮ ಸಾಹೇಬರಿಗೂ ಬೆಂಗಳೂರಿನಲ್ಲಿ ಭೇಷ್ ಎಂದರು. ಕಪ್ಪು ಚುಕ್ಕೆ ಎಂದರೆ ಮೇಗರವಳ್ಳಿಯೊಂದೇ.

ಇವರು ಸಾಗರಕ್ಕೆ ಬಂದ ಮರುವರ್ಷದ ಆಷಾಢದಲ್ಲಿ ಅವಳ ಅಂಕಿ ದಿನಾ ರಿಜೆಕ್ಟ್ ಆಗತೊಡಗಿತು. ಸಾಹೇಬರು ಸಿಡಿಮಿಡಿಗೊಂಡು ಅವಳನ್ನು ಸಾಗರಕ್ಕೆ ಕರೆಸಿದರು. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ, ಕೋಣಂದೂರು, ಆನಂದಪುರದ ಮೇಲೆ ಅವಳು ಬಂದು ಸೇರುವಷ್ಟರಲ್ಲಿ ಮಧ್ಯಾಹ್ನ. ಸಾಹೇಬರು ಕರೆದು ಒಂದೇ ಮಾತು ಹೇಳಿ ಹೊರಗೆ ಕಳಿಸಿದರು. ಅವಳು ಬಂದು ಕಂಪ್ಯೂಟರ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ಟೀ ಕುಡಿಯಲು ಹೊರಗೆ ಬಂದ ಇವರು ಅವಳ ಒದ್ದೆ ಕೊಡೆಯನ್ನು ಎಡವಿದರು.

"ಯಾರ್ರೀ ಇಲ್ಲಿ ಛತ್ರಿ ಇಟ್ಟಿರೋದು? ನೀರು ಒಳಗೆ ಹರಿದ್ರೆ ಮಿಷನ್ ಸಾಯುತ್ತೆ."

"ಸಾಯ್ಲಿ ಬಿಡಿ," ಎಂದಳು ದೇವಕಮ್ಮ. "ನನ್ನ ಕೆಲ್ಸ ತಿಂದ ಮಿಷನ್ ಅಲ್ದಾ ಅದು."

ಬೈಯಲು ಬಾಯಿ ತೆರೆದವರು ನನ್ನ ಕಡೆ ತಿರುಗಿದರು. ನಾನು ಇವಳೇ ಮೇಗರವಳ್ಳಿ ರೀಡರ್ ಎಂದೆ. ಅವರಿಗೆ ಮೇಗರವಳ್ಳಿ ಎಂದರೆ ಅಲ್ಲಿಯವರೆಗೆ ಒಂದು ಕೋಡ್ ನಂಬರ್ ಆಗಿತ್ತು ಅಷ್ಟೆ. ಏನಾಯಿತಮ್ಮ ಎಂದು ಕೇಳಿದರು.

"ಎಂತ ಆಗೋದು ಮಾರಾಯ್ರೆ. ಮನೆಯೊಳಗೆ ಕೂತು ಬಾಯಿಗೆ ಬಂದ ಮಳೆ ಹೇಳ್ತೀನಂತೆ. ಅಂದಾಜಿಗೆ ಹೇಳಿದ್ದು, ಸುಳ್ಳು ಲೆಕ್ಕ ಕೊಟ್ಟಿದ್ದು, ತಪ್ಪಾಯ್ತು ಅಂತ ಬರ್ದುಕೊಟ್ರೆ ಕೆಲ್ಸ ಇರುತ್ತಂತೆ. ಇಲ್ದಿದ್ರೆ ನಾಳೆಯಿಂದ ಬೇರೆಯವ್ರು ಬರ್ತಾರಂತೆ. ಕಂಪ್ಯೂಟರೇ ಹೇಳಿದ ಮೇಲೆ ಮುಗೀತು, ಅದು ಸುಳ್ಳು ಹೇಳಲ್ಲ ಅಂದ್ರು ಸಾಹೇಬ್ರು."

ಅವರು ಟೀ ಮರೆತು ಒಳಗೆ ಹೋದರು. ಪ್ರೋಗ್ರಾಮನ್ನು ತೆರೆದು ಸಾಲು ಸಾಲಾಗಿ ನೋಡಿದರು. ಹೊರಗೆ ಬಂದು ಅವಳ ಬೆಂಚಿನ ಮುಂದೆ ನಿಂತರು.

"ಇದು ಮಿಷನ್ ಹೇಳಿದ್ದಲ್ಲಮ್ಮ. ನಾನು ಹೇಳಿಸಿದ್ದು," ಎಂದರು. "ಕಾರ್ಡಿಗೆ ತೂತು ಹೊಡೆಯೋರು ಆಗಾಗ ಒಂದು ಸೊನ್ನೆ ಜಾಸ್ತಿ ಹೊಡೀತಿದ್ರು. ಅದಕ್ಕೆ ಇನ್ನೂರು ದಾಟಿದ್ರೆ ಕೈತಪ್ಪು ಅಂತ ತಿಳ್ಕೊಂಡು ಎಸೆದುಬಿಡು ಅಂತ ಬರೆದಿದ್ದೆ. ನಮ್ಮ ಚಳ್ಳಕೆರೆ ಕಡೆ ಇನ್ನೂರು ಬೀಳಬೇಕಾದ್ರೆ ಅರ್ಧ ವರ್ಷ ಬೇಕು. ಒಂದು ದಿನಕ್ಕೆ ಇನ್ನೂರು ಅಂದ್ರೆ ಧಾರಾಳವಾಯ್ತು ಅಂದ್ಕೊಂಡಿದ್ದೆ."

ದೇವಕಮ್ಮ ಅವರನ್ನೇ ನೋಡಿದಳು. "ಬರೆಯೋ ಮುಂಚೆ ಒಂದ್ಸಲ ಬಂದು ನೆನೆದು ಹೋಗ್ಬಹುದಿತ್ತಲ್ಲ ಸಾಹೇಬ್ರೆ."

ಅವರು ನೇರ ಸಾಹೇಬರ ಕೋಣೆಗೆ ನುಗ್ಗಿದರು. ಬಾಗಿಲು ತೆರೆದೇ ಇತ್ತು. ಒಳಗಿನ ಮಾತೆಲ್ಲ ನಮಗೆ ಕೇಳುತ್ತಿತ್ತು.

"ತಪ್ಪು ನನ್ನದು ಸಾರ್. ಆ ಹೆಂಗಸಿನದಲ್ಲ. ಸಾಲು ತೆಗೆದ್ರೆ ಸರಿಹೋಗುತ್ತೆ. ಐದು ನಿಮಿಷದ ಕೆಲಸ."

"ಹಾಗಾದ್ರೆ ತಿಮ್ಮಪ್ಪನದು ಯಾಕೆ ರಿಜೆಕ್ಟ್ ಆಗಲ್ಲ? ಅಲ್ಲೂ ಅಷ್ಟೇ ಮಳೆ ಅಲ್ವಾ?"

"ಬಾಗಿಲು ಗಿಡ್ಡ ಅಂತ ಗೊತ್ತಾದವನು ಬಗ್ಗಿ ಒಳಗೆ ಬರ್ತಾನೆ ಸಾರ್. ಹಾಗಂತ ಅವನು ಗಿಡ್ಡ ಅಂತಲ್ಲ."

ಸಾಹೇಬರಿಗೆ ಅರ್ಥವಾಗದೆ ಇರಲಿಲ್ಲ. ಅವರು ದಡ್ಡರಲ್ಲ. ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವಳದು ಸರಿ ಎಂದರೆ ತಿಮ್ಮಪ್ಪನಂಥವರದು ಅಷ್ಟು ವರ್ಷವೂ ಸುಳ್ಳು, ಭೇಷ್ ಅನ್ನಿಸಿಕೊಂಡ ಅಂಕಿಗಳೆಲ್ಲ ಸುಳ್ಳು. ಅದು ಅವರಿಗೆ ನಮಗಿಂತ ಮೊದಲೇ ಹೊಳೆದಿತ್ತು.

"ನೋಡಿ," ಎಂದರು. "ಮೇಲಿನವರ ಅನುಮತಿ ಇಲ್ದೆ ಪ್ರೋಗ್ರಾಮ್ ಮುಟ್ಟೋ ಹಾಗಿಲ್ಲ. ಅನುಮತಿಗೆ ಬರೆಯೋಣ. ಬರೋವರೆಗೆ ಕಂಪ್ಯೂಟರ್ ಏನು ಹೇಳುತ್ತೋ ಅದೇ. ಆ ಹೆಂಗಸು ಬರೆದುಕೊಟ್ಟು ಹೋಗಲಿ. ಅವಳಿಗೇನು ನಷ್ಟ, ಕೆಲಸ ಇರುತ್ತಲ್ಲ."

ಇವರು ಹೊರಗೆ ಬಂದಾಗ ದೇವಕಮ್ಮ ಹೆಡ್ ಕ್ಲರ್ಕ್ ಹತ್ತಿರ ಪೆನ್ನು ಕೇಳುತ್ತಿದ್ದಳು.

"ಏನು ಮಾಡ್ತಿದ್ದೀರಿ? ಸಹಿ ಹಾಕಬೇಡಿ. ಬಿದ್ದ ಮಳೆಯನ್ನು ಬಿದ್ದಿಲ್ಲ ಅಂತ ಬರೆದುಕೊಡ್ತೀರಾ?"

"ಬರ್ದುಕೊಡ್ತೀನಿ," ಎಂದಳು. ಅವಳ ದನಿಯೂ ಏರಿತು. "ನಿಮಗೆ ಇದಲ್ದಿದ್ರೆ ಬೆಂಗಳೂರು ಇದೆ. ನನಗೆ ಎಂತ ಇದೆ? ಮಳೆ ನನ್ನ ಪರ ಸಾಕ್ಷಿ ಹೇಳೋಕೆ ಬರ್ತದಾ? ನಾ ಸುಳ್ಳಿ ಅಂದ್ರೆ ನಿಮ್ಮ ಕಚೇರಿಗೆ ಸಮಾಧಾನ ಆಗೋದಾದ್ರೆ ಸುಳ್ಳಿ. ಐದೂವರೆ ಬಸ್ಸಿಗೆ ನಾ ಹೋಗ್ಬೇಕು. ನಾಳೆ ಬೆಳಿಗ್ಗೆ ಡಬ್ಬಿ ಯಾರು ನೋಡ್ತಾರೆ?"

ಆ ಕೊನೆಯ ಮಾತು ಕೇಳಿ ಅವರು ಕೆಂಡವಾದರು. ಯಾರ ಮೇಲೆ ಎಂದು ಹೇಳುವುದು ಕಷ್ಟ. "ಒಂದು ಗಂಟೆ ತಡೀರಿ ತಾಯಿ. ಒಂದೇ ಗಂಟೆ. ಆಮೇಲೆ ಬೇಕಾದ್ದು ಬರೆದುಕೊಡಿ," ಎಂದು ಕೈ ಮುಗಿದರು. ಅವರು ಕೈ ಮುಗಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೋಣೆಯ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಪ್ರಿಂಟರ್ ಕೂಗತೊಡಗಿತು. ಗರಗಸದಲ್ಲಿ ಮರ ಕೊಯ್ದಂತೆ ಅದರ ಸದ್ದು. ಇನ್ನೂರರ ಸಾಲನ್ನು ಕಿತ್ತುಹಾಕಿ, ಅಂದಿನ ವರದಿಯ ಜೊತೆಗೆ ಆ ಮಳೆಗಾಲದ ಎಲ್ಲ ದಿನಗಳ ಅಂಕಿಗಳನ್ನೂ ಮತ್ತೆ ಓಡಿಸಿದ್ದರು. ದೇವಕಮ್ಮನ ಒಂದೊಂದು ಅಂಕಿಯ ಎದುರಿಗೂ 'ರಿಜೆಕ್ಟ್' ಇದ್ದ ಜಾಗದಲ್ಲಿ ಈಗ ಇಂಗ್ಲಿಷಿನ ದಪ್ಪ ಅಕ್ಷರದಲ್ಲಿ ಬೇರೆ ಮಾತಿತ್ತು: ರೀಡಿಂಗ್ ಸರಿ, ಪ್ರೋಗ್ರಾಮ್ ತಪ್ಪು, ಬರೆದವನು ಇಂಥವನು ಎಂದು ತಮ್ಮದೇ ಹೆಸರು. ಸಾಲು ಸಾಲಿಗೂ ಅದೇ. ಒಂದು ಪ್ರತಿ ಎಂದಿನಂತೆ ಟಪಾಲು ಚೀಲಕ್ಕೆ ಸೇರಿ ನಾಲ್ಕು ಗಂಟೆಯ ಬಸ್ಸಿನಲ್ಲಿ ಬೆಂಗಳೂರಿನ ದಾರಿ ಹಿಡಿಯಿತು. ಇನ್ನೊಂದನ್ನು ಅವರು ಸಾಹೇಬರ ಮೇಜಿನ ಮೇಲೆ ಹರಡಿದರು.

"ಏನ್ರೀ ಇದು ಅಧಿಕಪ್ರಸಂಗ?"

"ಕಂಪ್ಯೂಟರ್ ಹೇಳ್ತಿದೆ ಸಾರ್. ಅದು ಸುಳ್ಳು ಹೇಳಲ್ಲ ಅಂತ ನೀವೇ ಅಂದ್ರಂತೆ."

"ಹರಿದು ಹಾಕ್ತೀನಿ ಇದನ್ನ."

"ಹರೀರಿ. ಇನ್ನೊಂದು ಹೊಡೆಯುತ್ತೆ. ಅದಕ್ಕೆ ಕೈ ನೋಯಲ್ಲ. ಬೆಂಗಳೂರಿಗೆ ಹೋದದ್ದನ್ನು ಮಾತ್ರ ಆನಂದಪುರದಲ್ಲಿ ಬಸ್ಸು ನಿಲ್ಲಿಸಿ ಹರೀಬೇಕು, ಜೀಪ್ ಕಳಿಸ್ತೀರಾ?"

ಸಾಹೇಬರು ದೇವಕಮ್ಮನಿಂದ ಬರೆಸಿಕೊಳ್ಳಲಿಲ್ಲ. ಮೇಲಿನವರು ಆ ಕಾಗದ ಓದಿ ಕೇಳಿದರೆ ಅವಳ ತಪ್ಪೊಪ್ಪಿಗೆ ತಮ್ಮ ಕೊರಳಿಗೇ ಬರುತ್ತದೆಂದು ಅವರಿಗೆ ಗೊತ್ತಿತ್ತು. ನಡೆ ನಡೆ ಎಂದು ಕಳಿಸಿಬಿಟ್ಟರು. ಅವಳು ಕೊಡೆ ಎತ್ತಿಕೊಂಡು, ಇವರ ಕಡೆ ತಿರುಗಿ, "ಇಷ್ಟೆಲ್ಲ ಕೂಗಾಡೋ ಬದ್ಲು ಮೊದ್ಲೇ ಇನ್ನೂರು ಅಂತ ಬರೀದೇ ಇದ್ದಿದ್ರೆ ಆಗ್ತಿತ್ತು," ಎಂದಳು. "ಹೌದಮ್ಮ," ಎಂದರು ಅವರು. ಅವಳು ಐದೂವರೆ ಬಸ್ಸಿಗೆ ಹೋದಳು. ಕೆಲಸ ಉಳಿಯಿತು. ಖಾಯಂ ಮಾತ್ರ ಇಂದಿಗೂ ಆಗಿಲ್ಲ. ಶ್ರದ್ಧಾಂಜಲಿಯಲ್ಲಿ ಕಣ್ಣೊರೆಸಿಕೊಂಡವರ ಮೇಜಿನಲ್ಲೇ ಆ ಕಡತ ಇದೆ.

ಬೆಂಗಳೂರಿನವರು ಮಳೆಯ ಬಗ್ಗೆ ಒಂದಕ್ಷರ ಕೇಳಲಿಲ್ಲ. ಕೇಳಿದ್ದು, ಸರ್ಕಾರಿ ಕಾಗದದಲ್ಲಿ ಒಬ್ಬ ನೌಕರ ತನ್ನ ಹೆಸರನ್ನು ಅಷ್ಟು ಸಲ ಹೇಗೆ ಅಚ್ಚು ಹಾಕಿಸಿದ ಎಂದು. ಅನುಮತಿಯಿಲ್ಲದೆ ಪ್ರೋಗ್ರಾಮ್ ಮುಟ್ಟಿದ್ದಕ್ಕೆ ವಾರದೊಳಗೆ ಅವರಿಗೆ ಬೆಂಗಳೂರಿಗೆ ವಾಪಸಾತಿಯ ಆದೇಶ ಬಂತು. ತೆಗೆದ ಸಾಲನ್ನು ಮತ್ತೆ ಸೇರಿಸಿ ಹೋಗಿ ಎಂದರು ಸಾಹೇಬರು. ನೀವೇ ಸೇರಿಸಿಕೊಳ್ಳಿ ಎಂದರು ಇವರು. ಸೇರಿಸಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಟ್ರಂಕು ಹಿಡಿದು ನನ್ನ ಕೋಣೆಗೆ ಬಂದರು. ಒಂಬತ್ತಕ್ಕೆ ಅವರ ಬಸ್ಸು. ಹೊರಗೆ ಜೋರು ಮಳೆ. ನಾನು ವೈರ್‌ಲೆಸ್ಸಿನಲ್ಲಿ ಒಬ್ಬೊಬ್ಬರದೇ ಅಂಕಿ ಬರೆದುಕೊಳ್ಳುತ್ತಿದ್ದೆ. ಮೇಗರವಳ್ಳಿಯದು ಬಂತು, ಇನ್ನೂರರ ಮೇಲೆ ಎಷ್ಟೋ. ಹಾಲಿನ ಮಾತಾಡಿ ಅವಳು ಸೆಟ್ ಆರಿಸಿದಳು. ಆಮೇಲೆ ಘಾಟಿಯ ತಿಮ್ಮಪ್ಪ.

"ನೂರ ತೊಂಬತ್ತೆಂಟು, ಓವರ್," ಎಂದ.

ನಾನು ಇವರ ಮುಖ ನೋಡಿದೆ. ಆಮೇಲೆ ಹೇಳಿದೆ: "ತಿಮ್ಮಪ್ಪ, ಆ ಇನ್ನೂರರ ಕಟ್ಟು ತೆಗೆದಾಗಿದೆ ಮಾರಾಯ. ಇನ್ನು ಯಾವ ಅಂಕಿಯೂ ರಿಜೆಕ್ಟ್ ಆಗಲ್ಲ. ಎಷ್ಟು ಬಿತ್ತೋ ಅಷ್ಟು ಹೇಳು. ಓವರ್."

ಮಳೆಯ ಸದ್ದಿನ ನಡುವೆ ಆ ಕಡೆಯಿಂದ ತಿಮ್ಮಪ್ಪನ ದನಿ ಬಂತು.

"ಎಷ್ಟು ಬಿದ್ರೂ ಹೇಳ್ಬಹುದಾ?"

"ಹೇಳ್ಬಹುದು."

"ಸಂಬಳ ಹಿಡಿಯಲ್ಲ?"

"ಇಲ್ಲ."

"ಹಾಗಾದ್ರೆ ಸ್ವಲ್ಪ ತಡೀರಿ," ಎಂದ ತಿಮ್ಮಪ್ಪ. "ಹೋಗಿ ಅಳ್ಕೊಂಡು ಬರ್ತೀನಿ."

ಒಂಬತ್ತರ ಬಸ್ಸಿಗೆ ಹೊತ್ತಾಗುತ್ತಿದೆ ಎಂದು ನಾನು ನೆನಪಿಸಿದೆ. ಅವರು ಟ್ರಂಕನ್ನು ಅಲ್ಲೇ ನೆಲಕ್ಕಿಟ್ಟು, ಅದರ ಮೇಲೆ ಕೂತು, "ಬಸ್ಸು ಹೋಗ್ಲಿ ಬಿಡ್ರೀ," ಎಂದರು. "ಅವನು ಬರ್ಲಿ."